ಬೆನ್ನುಮೂಳೆ ಮತ್ತು 'ರಂಜೆನ್ ಕೊಲ್'

ಕಲ್ಕತ್ತೆಯಲ್ಲಿ ಯಾರಿಗಾದರೂ ಬೆನ್ನು ಹಿಡಿಯಿತು ಅನ್ನಿ, ನೆರೆಹೊರೆಯವರು ಮೊದಲು ಕೇಳುವುದು ಎಲ್ಲಿ ನೋವು ಅಂತಲ್ಲ, "ಭೇಲೋರ್‌ಗೆ ಯಾವಾಗ ಹೊರಡ್ತೀರಿ?" ಅಂತ. ಭೇಲೋರ್ ಅಂದರೆ ನಮ್ಮ ವೆಲ್ಲೂರು. ಬಂಗಾಳಿಗಳ ಬಾಯಲ್ಲಿ 'ವ' ನಿಲ್ಲುವುದಿಲ್ಲ, ಬ ಅಥವಾ ಭ ಆಗಿಬಿಡುತ್ತದೆ. ಮದ್ರಾಸಿಗೆ ಹೋಗುವ ಕೋರಮಂಡಲ್ ಎಕ್ಸ್‌ಪ್ರೆಸ್ಸಿನಲ್ಲಿ ಒಮ್ಮೆ ಕೂತು ನೋಡಿ, ಬೋಗಿಗೆ ನಾಲ್ಕು ಜನರ ಮಡಿಲಲ್ಲಾದರೂ ದೊಡ್ಡ ಎಕ್ಸ್‌ರೇ ಕವರು ಇರುತ್ತದೆ. ಕಾಯಿಲೆ ಅಂದರೆ ದಕ್ಷಿಣಕ್ಕೆ ಹೋಗುವುದು ಎಂಬುದು ಇಲ್ಲಿ ಕಾಶಿಯಾತ್ರೆಯ ಹಾಗೆ ಗಟ್ಟಿಯಾಗಿ ಕೂತ ನಂಬಿಕೆ.

ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಎಡಗಾಲಿನ ಸೆಳೆತ ಶುರುವಾದಾಗ ನಮ್ಮ ಕೆಳಗಿನ ಫ್ಲ್ಯಾಟಿನ ದಾದಾ ಹೇಳಿದ್ದು, "ನಿಮಗೇನು ಚಿಂತೆ, ನೀವು ಬೆಂಗಳೂರಿನವರು." ನಾವು ಬೆಂಗಳೂರಿನವರಲ್ಲ, ಸಾಗರದವರು. ಆದರೆ ನಾಲ್ಕು ದಶಕ ವಿವರಿಸಿ ಸುಸ್ತಾಗಿದೆ. 1982ರಲ್ಲಿ ಮೂರು ವರ್ಷದ ಮಟ್ಟಿಗೆ ಅಂತ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವನು ಇಲ್ಲೇ ನಿವೃತ್ತನಾದೆ. ಮಗಳು ಬಂಗಾಳಿಯಲ್ಲೇ ಜಗಳವಾಡುತ್ತಾಳೆ. ಅತ್ತ ಬೆಂಗಳೂರಿನಿಂದ ಅಣ್ಣನ ಮಗ ದಿನಕ್ಕೆರಡು ಬಾರಿ ಫೋನು. "ಚಿಕ್ಕಪ್ಪ, ಚಿಕ್ಕಮ್ಮನ್ನ ಇಲ್ಲಿಗೆ ಕರ್ಕೊಂಡು ಬನ್ನಿ. ಇಲ್ಲಿ ರೋಬೋಟ್ ಮಾಡತ್ತೆ ಆಪರೇಷನ್." ಮನೆಗೆ ಹೊಸ ಮಿಕ್ಸಿ ಬಂದಿದೆ ಅನ್ನುವಷ್ಟು ಸಲೀಸಾಗಿ ಹೇಳಿದ.

ಇವಳು ಪಕ್ಕದಲ್ಲೇ ಇದ್ದಳು. "ಮನುಷ್ಯರ ಕೈಗೇ ಬೆನ್ನು ಕೊಡೋಕೆ ಹೆದರಿಕೆ. ರೋಬೋಟಿಗಂತೂ ಕೊಡಲ್ಲ" ಅಂದುಬಿಟ್ಟಳು.

ಅವಳಿಗೆ ಆಗಿದ್ದು ಇಷ್ಟು. ಸೊಂಟದ ನಾಲ್ಕನೆಯ ಕಶೇರುಕ ಐದನೆಯದರ ಮೇಲಿಂದ ಸ್ವಲ್ಪ ಮುಂದಕ್ಕೆ ಜಾರಿ, ಕಾಲಿಗೆ ಹೋಗುವ ನರವನ್ನು ಒತ್ತುತ್ತಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ (ಹೆಸರು ಬೇಡ) ಎಂಆರ್‌ಐ ಹಾಳೆಯನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ನೋಡಿ, ಈ ವಾರವೇ ಮಾಡಿಸಿ, ಇಲ್ಲದಿದ್ದರೆ ಕಾಲು ಹೋಗಬಹುದು ಅಂದರು. ಕಾಲು ಮುಟ್ಟಿ ನೋಡಿರಲಿಲ್ಲ. ಅವತ್ತು ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ನಾನು ಬ್ಯಾಂಕಿನವನು, ಸಾಲ ಕೊಡುವ ಮುಂಚೆ ಕಾಗದಪತ್ರ ಓದುವುದು ಅಭ್ಯಾಸ. ಆಮೇಲಿನ ಕೆಲವು ತಿಂಗಳು ನಾನು ಓದಿದ್ದೆಲ್ಲ ಬೆನ್ನುಮೂಳೆಯ ಬಗ್ಗೆ. ಹಾಗೆ ಓದುತ್ತಾ ಹೋದಾಗ ಸಿಕ್ಕಿದ ಒಂದು ಹಳೆಯ ಕಾಗದದ ವಿಷಯ ಹೇಳಲೇಬೇಕು, ಏಕೆಂದರೆ ಅದು ಇದೇ ಊರಿನದು.

ಹತ್ತೊಂಬತ್ತನೆಯ ಶತಮಾನ ಇನ್ನೇನು ಮುಗಿಯುತ್ತಿದ್ದ ಹೊತ್ತು. ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಜಗದೀಶಚಂದ್ರ ಬೋಸರು ಗೆಳೆಯ ರವೀಂದ್ರನಾಥ ಟಾಗೋರರಿಗೆ ಒಂದು ಚೀಟಿ ಬರೆಯುತ್ತಾರೆ. ಸಾಧ್ಯವಾದರೆ ಬೆಳಿಗ್ಗೆ ಎಂಟಕ್ಕೆ ಕಾಲೇಜಿನ ಕಡೆಯಿಂದಲೇ ಬನ್ನಿ, ಅಲ್ಲಿ ರಂಜೆನ್ ಯಂತ್ರದಲ್ಲಿ ಒಬ್ಬ ರೋಗಿಯನ್ನು ನೋಡಬೇಕಾಗಿದೆ, ಬೆನ್ನು ಮುರಿದಿದೆಯಂತೆ, ಡಾಕ್ಟರ್ ನೀಲರತನ್ ಸರ್ಕಾರರ ಮಾತು ತೆಗೆದುಹಾಕಲಾಗಲಿಲ್ಲ ಎಂಬ ಅರ್ಥದ ನಾಲ್ಕು ಸಾಲು.

ರಂಜೆನ್ ಅಂದರೆ ರಾಂಟ್‌ಜೆನ್. ಬಂಗಾಳಿಯಲ್ಲಿ ಬೋಸರು ಬರೆದಿರುವುದು 'ರಂಜೆನ್ ಕಲ್' ಅಂತ. 'ಕಲ್' ಅಂದರೆ ಯಂತ್ರ, ಬೀದಿ ನಲ್ಲಿಗೂ ಅದೇ ಪದ. ಆದರೆ ಬಂಗಾಳಿಗಳು ಅದನ್ನು ಉಚ್ಚರಿಸುವುದು 'ಕೊಲ್' ಅಂತ! ನಾನು ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, "ಹೆಸರಿಗೆ ತಕ್ಕ ಯಂತ್ರ" ಅಂದಳು.

ಆ ಚೀಟಿಯ ಮಹತ್ವ ತಿಳಿಯಬೇಕಾದರೆ ವರ್ಷಗಳನ್ನು ಸ್ವಲ್ಪ ಜೋಡಿಸಿ ನೋಡಬೇಕು. ಜರ್ಮನಿಯ ವುರ್ಜ್‌ಬರ್ಗ್‌ನಲ್ಲಿ ರಾಂಟ್‌ಜೆನ್ ಎಕ್ಸ್ ಕಿರಣ ಕಂಡದ್ದು 1895ರ ನವೆಂಬರ್ 8ರಂದು. ಡಿಸೆಂಬರಿನಲ್ಲಿ ಹೆಂಡತಿಯ ಕೈ ಇಟ್ಟು ಚಿತ್ರ ತೆಗೆದ, ಉಂಗುರ ಸಮೇತ ಮೂಳೆಗಳು ಕಂಡವು. ಸುದ್ದಿ ಪ್ರಪಂಚವಿಡೀ ಹಬ್ಬಿತು. ಹೊಸ ಕಿರಣಕ್ಕೆ ಬೇಕಾಗಿದ್ದ ಮುಖ್ಯ ಸಾಮಾನೆಂದರೆ ಗಾಳಿ ತೆಗೆದ ಗಾಜಿನ ಕೊಳವೆ ಮತ್ತು ಹೆಚ್ಚು ವೋಲ್ಟೇಜು ಕೊಡುವ ಇಂಡಕ್ಷನ್ ಕಾಯಿಲ್. ಬೋಸರು ಆಗ ನಿಸ್ತಂತು ಅಲೆಗಳ ಪ್ರಯೋಗದಲ್ಲಿದ್ದರಲ್ಲ, ಕಾಯಿಲ್ ಅವರ ಮೇಜಿನ ಮೇಲೇ ಇತ್ತು. ಹಾಗಾಗಿ ಕಿರಣ ಪತ್ತೆಯಾದ ಕೆಲವೇ ವರ್ಷಗಳಲ್ಲಿ ಕಾಲೇಜ್ ಸ್ಟ್ರೀಟಿನ ಒಂದು ಪ್ರಯೋಗಶಾಲೆಯಲ್ಲಿ ಜೀವಂತ ಮನುಷ್ಯನ ಬೆನ್ನುಮೂಳೆಯನ್ನು ಚರ್ಮ ಕುಯ್ಯದೆ ನೋಡುವ ಪ್ರಯತ್ನ ನಡೆಯಿತು. ನೋಡಲು ಕರೆದದ್ದು ಕವಿಯನ್ನು! ಪಕ್ಕದಲ್ಲೇ ಮೆಡಿಕಲ್ ಕಾಲೇಜು ಇದ್ದರೂ ವೈದ್ಯರು ರೋಗಿಯನ್ನು ಹೊತ್ತು ತಂದದ್ದು ಫಿಸಿಕ್ಸ್ ಮೇಷ್ಟ್ರ ಬಳಿಗೆ.

ಕಣ್ಣ ಮುಂದೆ ತಂದುಕೊಳ್ಳಿ. ಆ ಕಾಲದ ಪದ್ಧತಿಯಂತೆ ಕಿಟಕಿ ಮುಚ್ಚಿ ಕತ್ತಲೆ ಮಾಡಿದ ಕೋಣೆ, ಚಟಪಟ ಅನ್ನುವ ಕಾಯಿಲ್, ಹಸಿರಾಗಿ ಮಿನುಗುವ ಬೇರಿಯಂ ಲವಣ ಬಳಿದ ಪರದೆ. ಕೈ ಕಾಲಿನ ಮೂಳೆ ಸುಲಭ. ಬೆನ್ನು ಮಾತ್ರ ಅತಿ ಕಷ್ಟ, ಏಕೆಂದರೆ ಕಿರಣ ಹೊಟ್ಟೆ ಕರುಳು ಎಲ್ಲ ದಾಟಿ ಬರಬೇಕು. ಆಗಿನ ದುರ್ಬಲ ಕೊಳವೆಯಲ್ಲಿ ಮುಂಡದ ಚಿತ್ರ ಬರಲು ಎಷ್ಟೋ ನಿಮಿಷ ಅಲುಗಾಡದೆ ಮಲಗಬೇಕಿತ್ತು. ಬೆನ್ನು ಮುರಿದವನಿಗೆ ಅದು ಎಂಥ ಹಿಂಸೆ! ಕಿರಣ ಸುಡುತ್ತದೆ ಅನ್ನುವುದೂ ಆಗ ಜನಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಈ ಕಿರಣಗಳಿಂದಲೇ ಎರಡೂ ಕೈ ಕಳೆದುಕೊಂಡು 1904ರಲ್ಲಿ ಸತ್ತ. ಹೆಂಡತಿ ತಮಾಷೆಗೆ ಅಂದದ್ದು ಅಷ್ಟೇನೂ ತಮಾಷೆಯಲ್ಲ.

ಇಷ್ಟು ಪಾಡುಪಟ್ಟು ನೋಡಿ ಮಾಡುವುದೇನಿತ್ತು? ಹೆಚ್ಚೇನಿಲ್ಲ. ಮಲಗಿಸಬೇಕು, ಪ್ಲಾಸ್ಟರು ಹಾಕಬೇಕು, ದೇವರಿಗೆ ಬಿಡಬೇಕು. ವಿಚಿತ್ರ ನೋಡಿ, ಅದಕ್ಕೂ ಹತ್ತು ಹನ್ನೆರಡು ವರ್ಷ ಮುಂಚೆ, 1887ರಲ್ಲಿ, ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಒಬ್ಬ ಸೇನಾಧಿಕಾರಿಯ ಬೆನ್ನುಹುರಿಯನ್ನು ಒತ್ತುತ್ತಿದ್ದ ಗೆಡ್ಡೆಯನ್ನು ತೆಗೆದು ಅವನನ್ನು ಎದ್ದು ಓಡಾಡುವಂತೆ ಮಾಡಿದ್ದ. ಚಿತ್ರ ಗಿತ್ರ ಏನೂ ಇಲ್ಲ. ಎಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಎಲ್ಲಿ ನೋವಿದೆ ಎಂದು ಗವರ್ಸ್ ಎಂಬ ವೈದ್ಯ ಲೆಕ್ಕ ಹಾಕಿ ಹೇಳಿದ ಜಾಗದಲ್ಲಿ ಕತ್ತರಿಸಿದರು. ಮೊದಲು ತೆರೆದಲ್ಲಿ ಗೆಡ್ಡೆ ಸಿಗದೆ ಇನ್ನೂ ಮೇಲೆ ಹೋಗಬೇಕಾಯಿತು. ಅಲ್ಲಿ ಕೈ ಇತ್ತು, ಕಣ್ಣಿರಲಿಲ್ಲ. ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ಕಣ್ಣಿತ್ತು, ಕೈ ಇರಲಿಲ್ಲ.

ಕಲ್ಕತ್ತೆಗೆ ಒಳಗೆ ನೋಡುವ ಹಟ ಹಳೆಯದು. 1835ರಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ಮರುವರ್ಷವೇ ಪಂಡಿತ ಮಧುಸೂದನ ಗುಪ್ತರು ಜಾತಿ ಹೋಗುವ ಭಯ ಬಿಟ್ಟು ಹೆಣ ಕೊಯ್ದರು. ಆಗ ಫೋರ್ಟ್ ವಿಲಿಯಂನಲ್ಲಿ ತೋಪು ಹಾರಿಸಿದರೆಂದು ಹೇಳುತ್ತಾರೆ. ಆಮೇಲೆ ಅದೇ ಬೀದಿಯಲ್ಲಿ ಬೋಸರ 'ಕೊಲ್'. ನೀಲರತನ್ ಸರ್ಕಾರರ ವಿಷಯಕ್ಕೆ ಬಂದರೆ, ಸಿಯಾಲ್ದಾ ಪಕ್ಕದ ಎನ್‌ಆರ್‌ಎಸ್ ಆಸ್ಪತ್ರೆ ಅವರ ಹೆಸರಿನದೇ. 1941ರಲ್ಲಿ ಟಾಗೋರರ ಕಾಯಿಲೆ ಜೋರಾದಾಗ ಶಸ್ತ್ರಚಿಕಿತ್ಸೆ ಬೇಡ ಅನ್ನುವ ಕಡೆಗಿದ್ದವರು ಇದೇ ಮುದುಕರು. ಬೇರೆ ವೈದ್ಯರು ಒಪ್ಪಲಿಲ್ಲ. ಜುಲೈ 30ರಂದು ಜೋಡಾಸಾಂಕೊ ಮನೆಯ ವರಾಂಡದಲ್ಲೇ ಆಪರೇಷನ್ ಆಯಿತು, ಆಗಸ್ಟ್ 7ಕ್ಕೆ ಕವಿ ಹೋದರು. ಮಾಡದಿದ್ದರೆ ಉಳಿಯುತ್ತಿದ್ದರು ಅಂತಲ್ಲ. ಆದರೆ ಎಕ್ಸ್‌ರೇ ನೋಡಲು ಹುರುಪಿನಿಂದ ರೋಗಿಯನ್ನು ಹೊತ್ತು ತಂದ ಅದೇ ವೈದ್ಯ ಕತ್ತಿಯ ವಿಷಯದಲ್ಲಿ ಹಿಂಜರಿದದ್ದು ನನಗೆ ಆ ದಿನಗಳಲ್ಲಿ ಬಹಳ ಧೈರ್ಯ ಕೊಟ್ಟಿತು. ಈ ವಾರವೇ ಅನ್ನುವವರ ಮಾತು ಬಿಟ್ಟು ಇನ್ನೊಬ್ಬರನ್ನು ಕೇಳೋಣ ಅಂತ ನಿರ್ಧರಿಸಿದೆವು.

ಇನ್ನು ಬೇಗ ಬೇಗ ಹೋಗೋಣ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಎರಡು ಮೂಳೆಗಳ ನಡುವಿನ ಡಿಸ್ಕು ಕಾಣುವುದಿಲ್ಲ. ಆದ್ದರಿಂದ ಕಾಲು ಸೆಳೆತಕ್ಕೆ ಕಾರಣ ಈ ಡಿಸ್ಕು ಜಾರಿ ನರ ಒತ್ತುವುದು ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಸ್ಪಷ್ಟವಾಗಿ ಬರೆಯಲು 1934 ಬರಬೇಕಾಯಿತು. ನಮ್ಮ ಅಜ್ಜಿ ಇದನ್ನು ವಾಯು ಅನ್ನುತ್ತಿದ್ದಳು, ಯೂರೋಪಿನವರೂ ಸುಮಾರಾಗಿ ಅದೇ ಜಾತಿಯ ವಿವರಣೆಯಲ್ಲಿದ್ದರು. 1963ರಲ್ಲಿ ಪ್ಯಾರಿಸ್ಸಿನ ರಾಯ್-ಕಮಿಲ್ ಇನ್ನೊಂದು ಸಾಹಸ ಮಾಡಿದ. ಕಶೇರುಕದ ಹಿಂಭಾಗವನ್ನೂ ಮುಂಭಾಗವನ್ನೂ ಜೋಡಿಸುವ ಒಂದು ಸಣ್ಣ ಸೇತುವೆಯಂಥ ಮೂಳೆ ಇದೆ, ಪೆಡಿಕಲ್ ಅನ್ನುತ್ತಾರೆ. ಅದರೊಳಗೆ ಸ್ಕ್ರೂ ತೂರಿಸಿ ಬೆನ್ನನ್ನು ಲೋಹದ ಪಟ್ಟಿಯಿಂದ ಬಿಗಿದ. ಇವತ್ತು ಬೆನ್ನಿಗೆ "ನಟ್ಟು ಬೋಲ್ಟು ಹಾಕಿದ್ದಾರೆ" ಅನ್ನುತ್ತೇವಲ್ಲ, ಅದರ ಮೂಲ ಇಲ್ಲಿ.

ಕಷ್ಟ ಏನೆಂದರೆ ಈ ಸೇತುವೆ ಬಹಳ ಕಿರಿದು. ಎದೆಯ ಮಟ್ಟದ ಮಧ್ಯದಲ್ಲಿ ನಾಲ್ಕೈದು ಮಿಲಿಮೀಟರು, ಸೊಂಟದ ಹತ್ತಿರ ಹೆಚ್ಚೆಂದರೆ ಬೆರಳಗಲ. ಒಳಗೆ ಸರಿದರೆ ಬೆನ್ನುಹುರಿ, ಕೆಳಗೆ ಸರಿದರೆ ನರ, ಮುಂದೆ ಹೋದರೆ ದೊಡ್ಡ ರಕ್ತನಾಳ. ಸ್ಕ್ರೂ ಹೋಗುವ ದಾರಿ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಉದ್ದಕ್ಕೆ ಚರ್ಮ ಸೀಳಿ, ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಎಲ್ಲ ತೆರೆದು ಕಣ್ಣಾರೆ ನೋಡಿ ಮಾಡುತ್ತಿದ್ದರು. ಐವತ್ತರ ದಶಕದಲ್ಲೇ ಬಂದಿದ್ದ ಸಿ-ಆರ್ಮ್, ಅಂದರೆ ಇಂಗ್ಲಿಷಿನ ಸಿ ಅಕ್ಷರದ ಆಕಾರದ ಚಲಿಸುವ ಎಕ್ಸ್‌ರೇ, ಸಹಾಯಕ್ಕೆ ನಿಂತಿತು. ಅದು ಬೋಸರ ಪರದೆಯ ಮೊಮ್ಮಗ. ದಿನವೂ ಅದರ ಪಕ್ಕ ನಿಲ್ಲುವ ಡಾಕ್ಟರು ಸೀಸದ ಏಪ್ರನ್ ಹೊತ್ತು ಹೊತ್ತು ತಮ್ಮ ಬೆನ್ನೇ ಕೆಡಿಸಿಕೊಳ್ಳುತ್ತಾರೆ ಅನ್ನುವುದು ಬೇರೆ ಮಾತು.

ದೊಡ್ಡದಾಗಿ ತೆರೆಯುವುದಕ್ಕೂ ಸಣ್ಣ ತೂತಿನಲ್ಲಿ ಮಾಡುವುದಕ್ಕೂ ಇರುವ ವ್ಯತ್ಯಾಸ ಕಲ್ಕತ್ತೆಯವರಿಗೆ ವಿವರಿಸುವುದೇ ಬೇಡ. ನಾನು ಬಂದಾಗ ಚೌರಂಗಿ ಪೂರ್ತಿ ಅಗೆದು ಹಾಕಿದ್ದರು. ಮೆಟ್ರೋ ಕೆಲಸ. 1972ರಲ್ಲಿ ಅಡಿಗಲ್ಲು, ಮೊದಲ ರೈಲು ಓಡಿದ್ದು 1984ರ ಅಕ್ಟೋಬರ್ 24ರಂದು. ಬಹುಪಾಲು ದಾರಿಯನ್ನು ರಸ್ತೆ ಸೀಳಿ, ಒಳಗೆ ಕಟ್ಟಿ, ಮೇಲೆ ಮುಚ್ಚಿ ಮಾಡಿದರು. ಮಳೆಗಾಲದಲ್ಲಿ ಆ ಕಂದಕದ ಪಕ್ಕ ಹಲಗೆ ಮೇಲೆ ನಡೆದು ಬ್ಯಾಂಕಿಗೆ ಹೋದವನು ನಾನು. ಅದೇ ಊರಿನಲ್ಲಿ 2017ರಲ್ಲಿ ಹೂಗ್ಲಿ ನದಿಯ ಅಡಿಯಲ್ಲಿ ಸುರಂಗ ಕೊರೆದಾಗ ಮೇಲೆ ದೋಣಿಗಳು ಎಂದಿನಂತೆ ಓಡಾಡುತ್ತಿದ್ದವು. ಯಂತ್ರ ಎಲ್ಲಿದೆ, ಎತ್ತ ತಿರುಗಿದೆ ಎಂದು ಅಳತೆಯಲ್ಲೇ ತಿಳಿದುಕೊಂಡು ಕೊರೆದರು. 2024ರ ಮಾರ್ಚಿನಲ್ಲಿ ರೈಲೂ ಬಂತು. ನಾವಿಬ್ಬರೂ ಹೌರಾ ಮೈದಾನದವರೆಗೆ ಹೋಗಿ ಬಂದೆವು, ಇವಳಿಗೆ ನಿಂತಿರಲು ಆಗದೆ ಒಬ್ಬ ಹುಡುಗ ಸೀಟು ಬಿಟ್ಟುಕೊಟ್ಟ.

ಬೆನ್ನಿನಲ್ಲೂ ಅದೇ ಆಯಿತು. 1997ರ ಸುಮಾರಿಗೆ ಅಮೆರಿಕದ ಫೋಲಿ ಮತ್ತು ಸ್ಮಿತ್ ಒಂದು ಪದ್ಧತಿ ತಂದರು. ಸ್ನಾಯುವನ್ನು ಕತ್ತರಿಸದೆ, ಒಂದರ ಮೇಲೊಂದು ದಪ್ಪ ಕೊಳವೆ ತೂರಿಸುತ್ತಾ ಎಳೆಗಳನ್ನು ಬದಿಗೆ ಸರಿಸಿ, ಆ ಕೊಳವೆಯೊಳಗಿಂದ ಕೆಲಸ. ರಕ್ತ ಕಡಿಮೆ, ಆಸ್ಪತ್ರೆಯಲ್ಲಿ ದಿನವೂ ಕಡಿಮೆ. ಆದರೆ ಸಣ್ಣ ತೂತಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲವಲ್ಲ. ಕಣ್ಣಿನ ಕೆಲಸವನ್ನು ಚಿತ್ರ ಮಾಡಬೇಕು. ದಾರಿ ತಪ್ಪಿದರೆ? 2019ರ ಆಗಸ್ಟ್ ಕೊನೆಯಲ್ಲಿ ಇದೇ ಮೆಟ್ರೋ ಸುರಂಗದ ಯಂತ್ರ ಬೌಬಜಾರಿನ ಕೆಳಗೆ ನೀರಿನ ಪದರಕ್ಕೆ ತಾಗಿ ಮೇಲಿನ ಹಳೆಯ ಮನೆಗಳು ಬಿರುಕು ಬಿಟ್ಟು ಕುಸಿದವು. ಸೀಳದೆ ಮಾಡುವುದೆಂದರೆ ಅಪಾಯವಿಲ್ಲದ್ದು ಅಂತಲ್ಲ.

ಚಿತ್ರ ನೋಡಿ ದಾರಿ ಹಿಡಿಯುವ ಕಲೆಗೂ ಒಂದು ವಂಶಾವಳಿ ಇದೆ. ಮೇಲೆ ಹೇಳಿದ ಅದೇ ಹಾರ್ಸ್ಲಿ, ಕ್ಲಾರ್ಕ್ ಎಂಬವರ ಜೊತೆ ಸೇರಿ 1908ರಲ್ಲಿ ಪ್ರಾಣಿಗಳ ತಲೆಗೆ ಲೋಹದ ಚೌಕಟ್ಟು ಬಿಗಿದು, ಉದ್ದ ಅಗಲ ಆಳ ಮೂರೂ ಅಳೆದು ಮಿದುಳಿನ ಬೇಕಾದ ಚುಕ್ಕಿಗೆ ಸೂಜಿ ಇಳಿಸುವ ವಿಧಾನ ಪ್ರಕಟಿಸಿದ. ಮನುಷ್ಯರಿಗೆ ಅದು ಬಂದದ್ದು 1947ರಲ್ಲಿ, ಫಿಲಡೆಲ್ಫಿಯಾದಲ್ಲಿ. ಇಲ್ಲಿ ನಮ್ಮ ಬೆಂಗಳೂರೂ ಬರುತ್ತದೆ, ಅಣ್ಣನ ಮಗನಿಗೆ ಇದನ್ನು ಹೇಳಿದಾಗ ಅವನಿಗೆ ಗೊತ್ತೇ ಇರಲಿಲ್ಲ. ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅದು ಇನ್ನೂ ನಿಮ್ಹಾನ್ಸ್ ಆಗುವ ಮೊದಲು (ಆ ಹೆಸರು 1974ರದು), ಡಾ. ಆರ್. ಎಂ. ವರ್ಮಾ ಪಾರ್ಕಿನ್ಸನ್ ನಡುಕದ ರೋಗಿಗಳಿಗೆ ತಲೆಬುರುಡೆ ಕೊರೆಯದೆ, ಕೆನ್ನೆಯ ಕಡೆಯಿಂದ ಬುರುಡೆಯ ತಳದಲ್ಲಿರುವ ಸಹಜ ರಂಧ್ರದ ಮೂಲಕ ಮಿದುಳಿಗೆ ಸೂಜಿ ತಲುಪಿಸುತ್ತಿದ್ದರು. ದಾರಿದೀಪ ಎಕ್ಸ್‌ರೇ ಒಂದೇ. ದೇಹ ಕೊಟ್ಟಿರುವ ಬಾಗಿಲಿನಿಂದಲೇ ಒಳಗೆ ಹೋಗುವುದು!

1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಸಿಟಿ ಯಂತ್ರ ಮೊದಲ ರೋಗಿಯನ್ನು ನೋಡಿತು. ಆಮೇಲೆ ಚಿತ್ರ ಕೇವಲ ನೆರಳಾಗಿ ಉಳಿಯಲಿಲ್ಲ, ಲೆಕ್ಕವಾಯಿತು. ಕಂಪ್ಯೂಟರಿಗೆ ಲೆಕ್ಕ ಸಿಕ್ಕರೆ ಸುಮ್ಮನಿರುತ್ತದೆಯೇ? ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬರ್ನ್ ಮೊದಲಾದ ಕಡೆ ಬೆನ್ನಿನ ಸ್ಕ್ರೂಗೆ 'ನ್ಯಾವಿಗೇಷನ್' ಬಂತು. ರೋಗಿಯ ಮೂಳೆಗೆ ಒಂದು ಗುರುತಿನ ಚೌಕಟ್ಟು ಕಚ್ಚಿಸುತ್ತಾರೆ, ಉಪಕರಣಕ್ಕೂ ಹೊಳೆಯುವ ಸಣ್ಣ ಗುಂಡುಗಳನ್ನು ಕಟ್ಟುತ್ತಾರೆ. ಮೇಲಿನ ಕ್ಯಾಮೆರಾ ಎರಡನ್ನೂ ನೋಡುತ್ತಾ, ಉಪಕರಣದ ತುದಿ ಮೂಳೆಯೊಳಗೆ ಎಲ್ಲಿದೆ ಎಂದು ಪರದೆಯಲ್ಲಿ ತೋರಿಸುತ್ತದೆ. ಕಾರಿನಲ್ಲಿ ಮ್ಯಾಪ್ ನೋಡಿದ ಹಾಗೆ. ಯಾರದಾದರೂ ಮೊಣಕೈ ಆ ಚೌಕಟ್ಟಿಗೆ ತಾಗಿ ಅಲುಗಿತೋ, ಮ್ಯಾಪ್ ನಿಮ್ಮನ್ನು ಕೆರೆಗೆ ಇಳಿಸುತ್ತದೆ.

ರೋಬೋಟ್ ಇದರ ಮುಂದಿನ ಹೆಜ್ಜೆ. ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯ ಮೋಶೆ ಶೋಹಮ್ ತಂಡದ 'ಸ್ಪೈನ್‌ಅಸಿಸ್ಟ್' 2004ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಎಷ್ಟು ದೊಡ್ಡದು ಅಂದುಕೊಂಡಿರಿ? ತಂಪು ಪಾನೀಯದ ಡಬ್ಬಿಯಷ್ಟು, ಕಾಲು ಕೆಜಿ ತೂಕ. ಬೆನ್ನಿನ ಮೇಲೇ ಕೂರಿಸುತ್ತಿದ್ದರು. ಮೊದಲೇ ಸಿಟಿ ಚಿತ್ರದಲ್ಲಿ ಡಾಕ್ಟರು ಸ್ಕ್ರೂ ದಾರಿ ಗುರುತು ಹಾಕಿಡುತ್ತಾರೆ. ಆಪರೇಷನ್ ಹೊತ್ತಿನಲ್ಲಿ ಎರಡು ಎಕ್ಸ್‌ರೇ ತೆಗೆದು ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ. ಯಂತ್ರ ತನ್ನ ಪುಟ್ಟ ತೋಳಿನಲ್ಲಿ ಒಂದು ಕೊಳವೆಯನ್ನು ಸರಿಯಾದ ಕೋನದಲ್ಲಿ ಹಿಡಿದು ನಿಲ್ಲುತ್ತದೆ. ಅಷ್ಟೇ ಅದರ ಕೆಲಸ. ಕೊರೆಯುವುದು, ಸ್ಕ್ರೂ ತಿರುಗಿಸುವುದು ಮನುಷ್ಯನ ಕೈ. ಇದನ್ನು ಓದಿದಾಗ ನನಗೆ ಅರ್ಧ ಭಯ ಹೋಯಿತು. ಬಡಗಿಯ ಪಕ್ಕ ಮರ ಅಲುಗದಂತೆ ಹಿಡಿದು ಕೂರುವ ಹುಡುಗ ಇರುತ್ತಾನಲ್ಲ, ಸುಮಾರಾಗಿ ಅಂಥದ್ದು. ಮುಂದೆ ಅದೇ ಕಂಪನಿಯ ದೊಡ್ಡ ತೋಳುಗಳು ಬಂದವು, 2017ರಲ್ಲಿ ಇನ್ನೊಂದು ಕಂಪನಿಯ 'ಎಕ್ಸೆಲ್ಸಿಯಸ್' ಬಂತು, 2018ರಲ್ಲಿ ಮೊದಲನೆಯದನ್ನು ಮೆಡ್‌ಟ್ರಾನಿಕ್ ಕೊಂಡುಕೊಂಡಿತು.

ಜಾಹೀರಾತಿನಲ್ಲಿ ಬರದ ಒಂದು ಸಂಗತಿ. 2012ರಲ್ಲಿ ಜರ್ಮನಿಯವರು 60 ರೋಗಿಗಳನ್ನು ಎರಡು ಗುಂಪು ಮಾಡಿ ಆ ಪುಟ್ಟ ರೋಬೋಟನ್ನು ಪರೀಕ್ಷಿಸಿದ್ದು ಪ್ರಕಟವಾಯಿತು. ಬರಿಗೈಯಲ್ಲಿ ಹಾಕಿದ ಸ್ಕ್ರೂಗಳಲ್ಲಿ ಶೇಕಡಾ 93 ಸರಿಯಾಗಿ ಕೂತಿದ್ದವು, ರೋಬೋಟಿನ ಸಹಾಯದಿಂದ ಹಾಕಿದ್ದರಲ್ಲಿ 85! ಇಳಿಜಾರಾದ ಮೂಳೆಯ ಮೇಲೆ ಕೊಳವೆಯ ತುದಿ ಜಾರುತ್ತಿತ್ತು ಎಂದು ಅವರು ಕಂಡುಕೊಂಡರು. ಆಮೇಲಿನ ಯಂತ್ರಗಳು ಎಷ್ಟೋ ಸುಧಾರಿಸಿವೆ, ನಂತರದ ಎಷ್ಟೋ ಅಧ್ಯಯನಗಳು ಯಂತ್ರದ ಪರವಾಗಿವೆ, ಆಪರೇಷನ್ ಕೋಣೆಯವರಿಗೆ ಕಿರಣದ ಹೊಡೆತವೂ ಕಡಿಮೆ. ಆದರೆ ಸ್ಕ್ರೂ ನೇರ ಕೂತರೆ ರೋಗಿಯ ನೋವು ಅಷ್ಟೇ ನೇರವಾಗಿ ಹೋಗುತ್ತದೆ ಅಂತೇನಿಲ್ಲ. ಆಪರೇಷನ್ ಬೇಕೇ ಬೇಡವೇ ಅನ್ನುವುದನ್ನು ಯಾವ ರೋಬೋಟೂ ಹೇಳುವುದಿಲ್ಲ. ಅಣ್ಣನ ಮಗನಿಗೆ ಇದನ್ನು ಹೇಳಿದೆ. "ಚಿಕ್ಕಪ್ಪ, ನೀವು ಜಾಸ್ತಿ ಓದ್ತೀರಿ" ಅಂದ.

ಎರಡನೆಯ ಡಾಕ್ಟರು ಸಿಕ್ಕಿದ್ದು ಇದೇ ಊರಿನಲ್ಲಿ. ನಡುವಯಸ್ಸಿನ ಬಂಗಾಳಿ, ಮಾತು ಕಡಿಮೆ. ಇವಳನ್ನು ನಡೆಸಿದರು, ಹಿಮ್ಮಡಿಯ ಮೇಲೆ ನಿಲ್ಲಿಸಿದರು, ಹೆಬ್ಬೆರಳು ಒತ್ತಿ ನೋಡಿದರು. ಆರು ತಿಂಗಳು ವ್ಯಾಯಾಮ ಮಾಡಿ ಅಂದರು. ಮಾಡಿದಳು. ಕಡಿಮೆಯಾಗಲಿಲ್ಲ, ಹೆಬ್ಬೆರಳ ಬಲ ಇಳಿಯಿತು. ಆಗ ಅವರೇ, "ಬೌದಿ, ಈಗ ಮಾಡೋಣ" ಅಂದರು. ನಾನು ರೋಬೋಟಿನ ಬಗ್ಗೆ ಕೇಳಿದೆ. ನಕ್ಕರು. ನನ್ನ ಹತ್ತಿರ ಇಲ್ಲ, ನ್ಯಾವಿಗೇಷನ್ ಇದೆ, ರೋಬೋಟೇ ಬೇಕಾದರೆ ಇರುವ ಕಡೆ ಬರೆದುಕೊಡುತ್ತೇನೆ, ನಿಮ್ಮ ಹೆಂಡತಿಗೆ ಬೇಕಾಗಿರುವುದು ನಾಲ್ಕು ಸ್ಕ್ರೂ, ನಾಲ್ಕಕ್ಕೆ ನನಗೆ ಮ್ಯಾಪ್ ಸಾಕು ಅಂದರು. ಪರದೆಯ ಮೇಲೆ ಅವಳದೇ ಮೂಳೆಯನ್ನು ತಿರುಗಿಸಿ ತಿರುಗಿಸಿ ತೋರಿಸಿ, ಸ್ಕ್ರೂ ಹೋಗುವ ದಾರಿಗೆ ಬಣ್ಣದ ಗೆರೆ ಎಳೆದರು. ಇವಳು ಬಹಳ ಹೊತ್ತು ನೋಡಿ, "ಇದು ನಂದೇನಾ?" ಅಂತ ಕನ್ನಡದಲ್ಲೇ ಕೇಳಿದಳು. ಅವರಿಗೆ ಅರ್ಥವಾಯಿತೋ ಏನೋ, "ಹ್ಯಾ, ಆಪ್ನಾರಿ" ಅಂದರು.

ಆ ಕ್ಷಣದಲ್ಲಿ ನನಗೆ ಆ ಚೀಟಿಯ ರೋಗಿಯ ನೆನಪಾಯಿತು. ಕತ್ತಲ ಕೋಣೆಯಲ್ಲಿ ಮಲಗಿಸಿ, ಮೇಷ್ಟ್ರು, ಡಾಕ್ಟರು, ಬಹುಶಃ ಕವಿಯೂ ಸುತ್ತ ನಿಂತು ಪರದೆ ನೋಡುತ್ತಿದ್ದಾಗ ಅವನಿಗೆ ಯಾರಾದರೂ ತೋರಿಸಿದರೇ?

ಮೂರು ಗಂಟೆ ಹಿಡಿಯಿತು. ಎರಡನೆಯ ದಿನ ಎಬ್ಬಿಸಿ ನಡೆಸಿದರು. ಬೆನ್ನಿನಲ್ಲಿ ಎರಡು ಕಡೆ ಎರಡೆರಡು ಸಣ್ಣ ಗಾಯ, ಅಷ್ಟೆ. ಕಾಲಿನ ಸೆಳೆತ ಹೋಗಿದೆ, ಹೆಬ್ಬೆರಳಿಗೆ ಅರ್ಧ ಬಲ ಬಂದಿದೆ, ಮಳೆ ಹಿಡಿದ ದಿನ ಸೊಂಟದಲ್ಲಿ ಬಿಗಿತ ಇನ್ನೂ ಇದೆ. ಬಗ್ಗಿ ರಂಗೋಲಿ ಹಾಕಲು ಆಗುವುದಿಲ್ಲ, ಈ ಯುಗಾದಿಗೆ ಮಗಳು ಹಾಕಿದಳು, ನಮ್ಮ ಚುಕ್ಕಿ ರಂಗೋಲಿ ಅಲ್ಲ, ಬಂಗಾಳಿಗಳ ಆಲ್ಪನಾ.

ಹೋದ ತಿಂಗಳು ಅವಳೇ ಕಾಲೇಜ್ ಸ್ಟ್ರೀಟಿಗೆ ಹೋಗೋಣ ಅಂದಳು. ಪ್ರೆಸಿಡೆನ್ಸಿಯ ಗೇಟಿನ ಪಕ್ಕ ಹಳೆಯ ಪುಸ್ತಕದ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತೇ ಇದ್ದಳು, ಒಮ್ಮೆಯೂ ಕೂರಲು ಜಾಗ ಹುಡುಕಲಿಲ್ಲ. "ಯಾವ ಕೋಣೆ ಅದು?" ಅಂತ ಒಳಗೆ ಕೈ ತೋರಿಸಿ ಕೇಳಿದಳು. ಒಳಗೆಲ್ಲೋ ಇರಬೇಕು ಅಂದೆ. ಆಮೇಲೆ ಕಾಫಿ ಹೌಸಿನ ಮೆಟ್ಟಿಲು ಹತ್ತಿದೆವು, ಅವಳು ಮುಂದೆ, ನಾನು ಮೊಣಕಾಲು ಹಿಡಿದುಕೊಂಡು ಹಿಂದೆ. ಕಾಫಿ ಮಾತ್ರ ನಾನು ಬಂದ ವರ್ಷದಿಂದಲೂ ಹಾಗೇ ಇದೆ, ನೀರು.